ಆಲೆ ಮರದ ನಕ್ಷತ್ರಮೀನು

ಫಾರ್ಮಾಲಿನ್ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದಿದ್ದರೆ ಪುಣ್ಯವಂತರು. ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಆ ದ್ರವದ ಜಾಡಿ ತೆರೆದರೆ ಮೊದಲು ಕಣ್ಣಲ್ಲಿ ನೀರು, ಆಮೇಲೆ ಗಂಟಲಲ್ಲಿ ಕೆರೆತ. ಸಂಜೆ ಮನೆಗೆ ಹೋಗಿ ಮುದ್ದೆ ಮುರಿದರೆ ಬೆರಳಲ್ಲೂ ಅದೇ ವಾಸನೆ. ಕನಕಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಇದು ಹೊಟ್ಟೆಪಾಡು. ಮೊನ್ನೆ ಪ್ರಾಕ್ಟಿಕಲ್ ಪರೀಕ್ಷೆಗೆಂದು ಜಾಡಿಗಳನ್ನು ಒರೆಸಿಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ. ಹುಡುಗಿಯೊಬ್ಬಳು, "ಮೇಡಂ, ನೀವು ಪಿಯುಸಿ ಓದುವಾಗಲೂ ಇಷ್ಟೇ ಘಾಟಿತ್ತಾ?" ಎಂದಳು. ಹೌದೆಂದು ತಲೆಯಾಡಿಸಿದೆ. ಅದು ಶುದ್ಧ ಸುಳ್ಳು. ಪಿಯುಸಿ ಮುಗಿಯುವವರೆಗೆ ನಾನು ಫಾರ್ಮಾಲಿನ್ ಕಂಡವಳೇ ಅಲ್ಲ. ನಮ್ಮ ಕಾಲೇಜಿನ ಜಾಡಿಗಳಲ್ಲಿ ಇದ್ದದ್ದು ಬೋರ್‌ವೆಲ್ ನೀರು.

ಆ ಕಾಲೇಜು ಈಗ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಚನ್ನಪಟ್ಟಣದ ಅಂಚಿನಲ್ಲಿ ನಾಲ್ಕು ಕೋಣೆಗಳಲ್ಲಿ ನಡೆಯುತ್ತಿತ್ತು. ಆ ಜಾಗದಲ್ಲಿ ಈಗ ಮದುವೆ ಛತ್ರವಿದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಪ್ರತಿ ಗೇಟಿನಲ್ಲೂ "ಪಿಯುಸಿ ಪಾಸ್" ಎಂಬ ಬೋರ್ಡು. ಬೋಲ್ಟು ತಿರುಗಿಸುವುದಕ್ಕೂ ಪಿಯುಸಿ, ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸುವುದಕ್ಕೂ ಪಿಯುಸಿ. ಹಾಗಾಗಿ ಅಲ್ಲಿಯವರೆಗೆ ಹತ್ತನೇ ಕ್ಲಾಸಿಗೆ ಕೈಮುಗಿಯುತ್ತಿದ್ದವರೆಲ್ಲ ಕಾಲೇಜಿನ ಬಾಗಿಲಿಗೆ ಬಂದರು.

ಪಾಸಾಗಲು ಕೇಳುತ್ತಿದ್ದದ್ದು ಹೆಚ್ಚೇನಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ, ಮೂವತ್ತೈದು ಅಂಕ, ಮೇಷ್ಟ್ರು ಸಹಿ ಮಾಡಿದ ರೆಕಾರ್ಡ್ ಪುಸ್ತಕ. ಹಾಜರಿಯ ತೊಂದರೆಯನ್ನು ನಮ್ಮ ಜುವಾಲಜಿಯ ಪುಟ್ಟಸ್ವಾಮಿ ಸಾರ್ ಸುಲಭವಾಗಿ ಬಗೆಹರಿಸಿದ್ದರು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಹೊಂಗನೂರು, ಬೈರಾಪಟ್ಟಣದ ಕಡೆಯ ಅರ್ಧ ಕ್ಲಾಸು ಬರುತ್ತಲೇ ಇರಲಿಲ್ಲ. ಸಾರ್ ಖಾಲಿ ಬೆಂಚುಗಳನ್ನು ನೋಡಿ, "ಹುಳದ ಜತೇಲಿ ಅವ್ರಲ್ಲ, ಅದೂ ಜುವಾಲಜಿನೇ" ಎಂದು ಎಲ್ಲರಿಗೂ ಹಾಜರಿ ಹಾಕುತ್ತಿದ್ದರು. ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ನನಗಿಂತ ಹುಳು ಸಾಕುತ್ತಿದ್ದವರು ಹೆಚ್ಚು ಕಲಿತಿರಬೇಕು.

ತಾಪತ್ರಯ ಬಂದದ್ದು ಲ್ಯಾಬಿನಿಂದ. ವಿಜ್ಞಾನ ವಿಭಾಗಕ್ಕೆ ಮಾನ್ಯತೆ ಉಳಿಯಬೇಕಾದರೆ ಪಟ್ಟಿಯಲ್ಲಿರುವ ಪ್ರಾಣಿಗಳೆಲ್ಲ ಜಾಡಿಯಲ್ಲಿರಬೇಕು, ಹದಿನೈದು ದಿನದಲ್ಲಿ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ನಮ್ಮಲ್ಲಿ ಇದ್ದದ್ದು ಒಂದು ಒಣಗಿದ ಕಪ್ಪೆ, ಅರ್ಧ ಜಿರಲೆ. ಪುಟ್ಟಸ್ವಾಮಿ ಸಾರ್ ಕ್ಲಾಸಿಗೆ ಬಂದು ಕೇಳಿದ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ: "ನಿಮ್ಮಲ್ಲಿ ಯಾರಪ್ಪ ಬೊಂಬೆ ಕೆಲಸ ಮಾಡ್ತಾರೆ?"

ನಾನು ಎದ್ದು ನಿಂತೆ.

ನಮ್ಮದು ಬೈರಾಪಟ್ಟಣ. ಒಸಿ ಗದ್ದೆ ಇತ್ತು, ಆದರೆ ಅಪ್ಪನ ಜೀವ ಇದ್ದದ್ದು ಚನ್ನಪಟ್ಟಣದ ಕಾರ್ಖಾನೆಯೊಂದರ ಲೇತ್ ಮುಂದೆ. ಆಲೆ ಮರದ ತುಂಡನ್ನು ತಿರುಗಿಸಿ, ಉಳಿ ಹಿಡಿದು, ಅರಗಿನ ಬಣ್ಣ ಹತ್ತಿಸಿ ಬೊಂಬೆ ಮಾಡುವ ಕೆಲಸ. ಆಗ ಪಕ್ಕದ ಲೇತ್‌ನವರೆಲ್ಲ ಒಬ್ಬೊಬ್ಬರಾಗಿ ಬಿಡದಿಯ ಕಂಪನಿ ಬಸ್ಸು ಹತ್ತಿ ಹೋಗಿದ್ದರು. ಅಪ್ಪನಿಗೆ ಕೆಲಸ ಕಡಿಮೆ, ಹೊತ್ತು ಜಾಸ್ತಿ. ಕಾಲೇಜಿನಿಂದ ಆರ್ಡರ್ ಬಂದಿದೆ ಎಂದದ್ದೇ ಅಪ್ಪ ಅಂಗಿ ಬದಲಾಯಿಸಿ ಕೂತರು.

ಒಂದು ಮಾತು ಹೇಳಬೇಕು: ಲೇತ್‌ನಲ್ಲಿ ಆಗುವುದು ಗುಂಡಗಿರುವ ವಸ್ತು ಮಾತ್ರ. ನಾನು ಪುಸ್ತಕದ ಚಿತ್ರ ತೋರಿಸಿದರೆ ಅಪ್ಪ ದೂರ ಹಿಡಿದು, ಹತ್ತಿರ ಹಿಡಿದು, "ಸಮುದ್ರದ ಒಳಗೆ ಇರೋದೆಲ್ಲ ಗುಂಡಗೇ ಇರ್ತದೆ ಬುಡು, ನೀರು ಸವೆಸ್ತದಲ್ಲ" ಎಂದು ತಮ್ಮದೇ ಸಿದ್ಧಾಂತ ಮಂಡಿಸಿದರು. ಸಮುದ್ರವನ್ನು ನಾವಿಬ್ಬರೂ ನೋಡಿರಲಿಲ್ಲ, ಹಾಗಾಗಿ ವಾದ ಬೆಳೆಯಲಿಲ್ಲ. ಆದರೆ ನಕ್ಷತ್ರಮೀನಿಗೆ ಬಂದಾಗ ಅಪ್ಪ ಉಳಿ ಕೆಳಗಿಟ್ಟರು.

"ಐದು ಕಾಲಾ? ಬೊಂಬೆ ಅಂದ್ಮೇಲೆ ಎರಡಿರ್ಬೇಕು, ಇಲ್ಲ ನಾಕಿರ್ಬೇಕು. ಐದ್ನೇದು ಯಾತಕ್ಕೆ?"

"ಅದಕ್ಕೆ ಇರೋದೇ ಐದು ಅಪ್ಪ."

"ತಲೆ ಎಲ್ಲೈತೆ?"

"ತಲೆ ಇಲ್ಲ."

"ತಲೆ ಇಲ್ದೆ ಉಣ್ಣೋದೆಂಗೆ?"

ಗೊತ್ತಿರಲಿಲ್ಲ. ಹೋಗಿ ಓದಿಕೊಂಡು ಬಂದೆ. ಬಾಯಿ ಕೆಳಗಡೆ ನಡುವಿನಲ್ಲಿದೆ, ಕಾಲಿನ ಅಡಿಯಲ್ಲಿ ಸಾಲುಸಾಲಾಗಿ ಪುಟ್ಟ ಕೊಳವೆಗಳಿವೆ, ಅದರಿಂದಲೇ ನಡೆಯುತ್ತದೆ. ಅಪ್ಪ ಬಿಡಲಿಲ್ಲ. ಬೆನ್ನು ಒರಟೋ ನುಣುಪೋ? ಸಿಟ್ಟು ಬಂದರೆ ಏನು ಮಾಡುತ್ತದೆ? ಒಂದೊಂದು ಬೊಂಬೆಗೂ ನಾನು ಇಡೀ ಅಧ್ಯಾಯ ಓದಬೇಕಾಯಿತು. ಎರಡು ವರ್ಷ ಕಾಲೇಜಿನಲ್ಲಿ ಕಲಿಯದ್ದನ್ನು ಆ ಹದಿನೈದು ದಿನ ಅರಗಿನ ಹೊಗೆಯಲ್ಲಿ ಕಲಿತೆ. ಕೊನೆಗೆ ಅಪ್ಪ ನಡುವಿಗೊಂದು ಬಿಲ್ಲೆ ತಿರುಗಿಸಿ, ಐದು ಕಾಲುಗಳನ್ನು ಬೇರೆ ಬೇರೆ ಮಾಡಿ ಅಂಟಿಸಿದರು. ಮರ ಸಾಲದೆ ಐದನೆಯದು ಗಿಡ್ಡವಾಯಿತು.

ಲ್ಯಾಬಿನ ಅಟೆಂಡರ್ ಬೋರಣ್ಣ ಎಲ್ಲವನ್ನೂ ಜಾಡಿಗೆ ಹಾಕಿ ನೀರು ತುಂಬಿಸಿದ. ಮರ ತಾನೇ? ಸಮುದ್ರದ ಸಕಲ ಜೀವರಾಶಿಗಳೂ ಮೇಲಕ್ಕೆ ತೇಲಿ ಮುಚ್ಚಳಕ್ಕೆ ತಲೆ ಕೊಟ್ಟು ನಿಂತವು. ಬೋರಣ್ಣನ ಮಗ ಬಿಡದಿಯ ಫ್ಯಾಕ್ಟರಿಯಲ್ಲಿದ್ದ. ಅಲ್ಲಿಂದ ಒಂದು ಚೀಲ ಹಳೆಯ ನಟ್ಟುಗಳು ಬಂದವು. ಪ್ರತಿ ಪ್ರಾಣಿಯ ಹೊಟ್ಟೆಯಡಿ ಒಂದೊಂದು ದಪ್ಪ ನಟ್ ಕೂತಿತು, ಪ್ರಾಣಿಗಳು ತಳಕ್ಕಿಳಿದವು. ತಪಾಸಣೆಗೆ ಬಂದವರು ಜಾಡಿ ಎಣಿಸಿದರು, ಪಟ್ಟಿಗೆ ಟಿಕ್ ಹಾಕಿದರು, ಎಳನೀರು ಕುಡಿದು ಹೋದರು. ಜಾಡಿಯ ಒಳಗೆ ನೋಡಬೇಕೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಕ್ಲಾಸಿನವರು ಆ ಜಾಡಿಗಳನ್ನು ನೋಡಿಯೇ ರೆಕಾರ್ಡ್ ಪುಸ್ತಕ ಬರೆದರು. ನಕ್ಷತ್ರಮೀನಿನ ಅಡಿಯಲ್ಲಿ ಆರು ಮೂಲೆಯ ನಟ್ ಬರೆದು, ಬಾಣ ಎಳೆದು, "ಬಾಯಿ" ಎಂದು ಹೆಸರಿಸಿದರು. ಪುಟ್ಟಸ್ವಾಮಿ ಸಾರ್ ಎಲ್ಲಕ್ಕೂ ಸಹಿ ಮಾಡಿದರು. ನಾನೊಬ್ಬಳು ನಟ್ ಬಿಟ್ಟು ಬರೆದಿದ್ದೆ. ಸಾರ್ ನನ್ನ ಪುಸ್ತಕ ತಿರುಗಿಸಿ ನೋಡಿ, "ಎಲ್ರೂ ಹಾಕವ್ರೆ, ನೀನೂ ಒಂದು ಹಾಕ್ಬುಡವ್ವ, ಒಂದೇ ಥರ ಇರ್ಲಿ" ಎಂದರು. ಹಾಕಿದೆ.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಮೈಸೂರು ಕಡೆಯ ಮೇಡಂ, ದಪ್ಪ ಕನ್ನಡಕ, ಸಣ್ಣ ದನಿ. ನನಗೆ ಆ ದಿನ ಪಾಸಾಗಲೇಬೇಕಿತ್ತು. ಥಿಯರಿಯೊಂದನ್ನೇ ನಂಬಿ ದಡ ಸೇರುವ ತಲೆ ನನ್ನದಲ್ಲ. ಫೇಲಾದ ಹುಡುಗಿಯರಿಗೆ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಊರಿಗೇ ಬರುತ್ತಿತ್ತು. ಅವ್ವ ಆಗಲೇ ಒಂದು ಸೀಟಿಗೆ ಹೇಳಿಟ್ಟಿದ್ದಳು. ನನಗೋ ರಾಮನಗರಕ್ಕೆ ಹೋಗಿ ಬಿಎಸ್ಸಿ ಓದುವ ಹುಚ್ಚು.

ಪರೀಕ್ಷೆಯಲ್ಲಿ ನಾನು ನಟ್ ಬರೆಯಲಿಲ್ಲ. ಅಪ್ಪನಿಗೆ ಅಷ್ಟು ಹೇಳಿಕೊಟ್ಟ ಮೇಲೆ ಕೈ ಬರಲಿಲ್ಲ. ಮೇಡಂ ಉತ್ತರಪತ್ರಿಕೆಗಳ ಕಟ್ಟು ತಿರುವಿ ನನ್ನನ್ನು ಕರೆದರು. ಮುಂದೆ ಜಾಡಿ. ಹಿಂದೆ ಪುಟ್ಟಸ್ವಾಮಿ ಸಾರ್, ಕರವಸ್ತ್ರ ಹಿಂಡುತ್ತಾ.

"ಇಷ್ಟು ಜನ ಇದನ್ನ ಬರೆದಿದ್ದಾರೆ. ನೀನ್ಯಾಕೆ ಬರೆದಿಲ್ಲ?"

"ಮೀನಿಗೆ ನಟ್ ಇರಲ್ಲ ಮೇಡಂ."

ಸಾರ್ ಕೆಮ್ಮಿದರು. ಮೇಡಂ ಒಂದೊಂದೇ ಕೇಳುತ್ತಾ ಹೋದರು, ನಾನು ಅಪ್ಪನಿಗೆ ಹೇಳಿದಂತೆಯೇ ಹೇಳಿದೆ. ಆಮೇಲೆ ಜಾಡಿಯನ್ನು ತಿರುಗಿಸಿ, "ಈ ಒಂದು ಕಾಲು ಯಾಕಮ್ಮ ಗಿಡ್ಡ?" ಎಂದರು.

"ಮುರಿದ ಕಾಲು ಮತ್ತೆ ಬೆಳೀತಾ ಇದೆ ಮೇಡಂ. ನಕ್ಷತ್ರಮೀನಿಗೆ ಆ ಶಕ್ತಿ ಇದೆ."

ಮೇಡಂ ನಗು ತಡೆದುಕೊಂಡದ್ದು ಕಾಣಿಸಿತು. ಬಾಗಿ, ನನಗೊಬ್ಬಳಿಗೇ ಕೇಳುವಂತೆ ಕೇಳಿದರು: "ತುಂಬ ಚೆನ್ನಾಗಿ ಮಾಡಿದ್ದಾರೆ. ಯಾರು ಮಾಡಿದ್ದು?"

ಹೇಳಿದರೆ ಇಡೀ ಬ್ಯಾಚಿನ ಪ್ರಾಕ್ಟಿಕಲ್ ಹೋಗುತ್ತದೆ, ಸಾರ್ ಕೆಲಸ ಹೋಗುತ್ತದೆ, ಪೊಲೀಸರು ಅಪ್ಪನ ಲೇತ್ ಹೊತ್ತುಕೊಂಡು ಹೋಗುತ್ತಾರೆ. ಹದಿನೇಳರ ತಲೆಗೆ ಅಷ್ಟೂ ಹೊಳೆಯಿತು.

"ಗೊತ್ತಿಲ್ಲ ಮೇಡಂ" ಎಂದೆ.

ಗೇಟಿನ ಹೊರಗೆ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. "ನನ್ನ ಮೀನೇನಾಯ್ತು?" ಎಂದು ಕೇಳಿದರು. ನನ್ನ ಪರೀಕ್ಷೆ ಏನಾಯಿತೆಂದಲ್ಲ. "ಪಾಸಾಯ್ತಪ್ಪ" ಎಂದೆ. ಅಪ್ಪನ ಮುಖ ನೋಡಲಾಗಲಿಲ್ಲ. ಇಡೀ ಬ್ಯಾಚು ಪಾಸಾಯಿತು, ನಟ್ಟನ್ನು ಬಾಯಿ ಎಂದವರೂ. ನಾನು ಬಿಎಸ್ಸಿ ಓದಿದೆ, ಮುಂದೂ ಓದಿದೆ. ಆದರೆ ಅವತ್ತು ಮೇಡಂಗೆ ಹೇಳಿದ ಆ ಎರಡು ಪದವನ್ನು ಮಾತ್ರ ಅಪ್ಪನಿಗೆ ಹೇಳಲಿಲ್ಲ.

ಮೊನ್ನೆ ಜಾಡಿ ಒರೆಸಿದ ಸಂಜೆ ನೇರ ಚನ್ನಪಟ್ಟಣದ ಬಸ್ಸು ಹತ್ತಿದೆ. ಅಪ್ಪ ಈಗಲೂ ಅದೇ ಲೇತ್ ಮುಂದೆ ಕೂರುತ್ತಾರೆ. ಹೋದವಳೇ ಸ್ಟೂಲ್ ಎಳೆದುಕೊಂಡು ಕೂತು ಹೇಳಿಬಿಟ್ಟೆ: ಅವತ್ತು ಮೇಡಂ ಕೇಳಿದಾಗ ನಿನ್ನ ಹೆಸರು ಹೇಳಲಿಲ್ಲಪ್ಪ, ಗೊತ್ತಿಲ್ಲ ಅಂದೆ.

ಅಪ್ಪ ಮೆಷಿನ್ ಆಫ್ ಮಾಡಿದರು. "ಗೊತ್ತು ಕಣವ್ವ. ಆಯಮ್ಮ ಮಾರ್ನೆ ದಿನ ಇಲ್ಲಿಗೇ ಬಂದ್ಬುಟ್ಟಿದ್ರು. ಮೀನು ಮಾಡೋರು ಯಾರು ಅಂತ ಬೀದಿಲೆಲ್ಲ ಕೇಳ್ಕೊಂಡು. ಇಡೀ ಚನ್ನಪಟ್ಣಕ್ಕೆ ಮೀನು ಮಾಡ್ದೋನು ನಾನೊಬ್ನೇಯ."

"ಏನಂದ್ರು?"

"ಒಂದು ಹೆಣ್ಣುಮಗೀನ ಕೇಳ್ದೆ, ಗೊತ್ತಿಲ್ಲ ಅಂತು, ಆದ್ರೆ ನಿಮ್ಮ ಮೀನಿನ ಒಂದೊಂದು ಕಾಲಿನ ವಿಚಾರಾನೂ ಬಲ್ಲದು, ಯಾರದು ಆ ಮಗು, ನಿಮ್ಗೇನಾರ ಗೊತ್ತಾ ಅಂದ್ರು."

"ನೀನೇನಂದೆ?"

ಅಪ್ಪ ಉಳಿಯ ಮೊನೆಯನ್ನು ಬೆರಳಿಂದ ಸವರಿದರು. "ನಿನ್ನ ಮಾರ್ಕ್ಸ್ ಕಿತ್ಕೊಂಡ್ಬುಟ್ಟಾರು ಅಂತ ಎದೆ ಹೊಡ್ಕೊತಿತ್ತು. ಅಂಥ ಮಗೀನ ನಾನು ಕಂಡೇ ಇಲ್ಲ ಅಂದೆ."

ಇಪ್ಪತ್ತು ವರ್ಷ ಎದುರುಬದುರು ಕೂತು ಉಂಡಿದ್ದೇವೆ, ಒಬ್ಬರಿಗೊಬ್ಬರು ಈ ಮಾತು ಆಡಿರಲಿಲ್ಲ. ನನಗೆ ಅಳು ಬಂತು. ತಪ್ಪನ್ನು ಫಾರ್ಮಾಲಿನ್ ಮೇಲೆ ಹಾಕೋಣವೆಂದರೆ ಅಲ್ಲಿ ಇದ್ದದ್ದು ಅರಗಿನ ವಾಸನೆ ಮಾತ್ರ.

"ಅಪ್ಪ, ನನ್ನ ಲ್ಯಾಬಿಗೆ ಒಂದು ಮೀನು ಮಾಡಿಕೊಡು. ನಿನ್ನ ಹೆಸರು ಬರೆದು."

"ಹೆಸ್ರು ಎಲ್ಲಿ ಬರೀಲಿ, ಹೊಟ್ಟೆ ಅಡೀಲಾ?"

"ಬೇಡ. ಬೆನ್ನ ಮೇಲೆ ಬರಿ" ಎಂದೆ. "ದಪ್ಪಕ್ಷರದಲ್ಲಿ."