ಬೆರಳು ಸುಟ್ಟಾಗ ಅನ್ನಲಾಗದ ಮಾತು

ಇನ್ನೂ ಬೆಳಕು ಹರಿದಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಪಟಪಟ ಸದ್ದು ಆಗಲೇ ಶುರುವಾಗಿದೆ. ಒಬ್ಬ ಕಂಡಕ್ಟರ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಾನೆ.

"ವಿಮಲಕ್ಕಾ, ಗಾಡಿ ಬಿಡೂ ಟೈಮ್ ಆತು. ಎರಡು ರೊಟ್ಟಿ ಕಟ್ಟವ್ವ!"

"ಸೀಟಿ ನಿನ್ನ ಕಿಸೆದಾಗ ಅದ. ನೀ ಊದಲಾರ್ದ ಗಾಡಿ ಹ್ಯಾಂಗ ಹೋಗ್ತದೋ? ಕುಂದ್ರು ಸುಮ್ಮ."

ಹನ್ನೊಂದು ವರ್ಷದಿಂದ ಊರು ಈಕೆಯನ್ನು ವಿಮಲಾಬಾಯಿ ಎಂದೇ ಕರೆಯುತ್ತಿದೆ. ಅದು ಈಕೆಯ ಹೆಸರಲ್ಲ. ಈಕೆ ಚಿಂಚೋಳಿ ಕಡೆಯ ಲಂಬಾಣಿ ತಾಂಡಾದವರು. ಗಂಡ ಶಹಾಬಾದಿನ ಕಲ್ಲುಗಣಿಯಲ್ಲಿ ಕಾಲು ಕಳೆದುಕೊಂಡ ಮೇಲೆ, 1993ರಲ್ಲಿ, ಕನ್ನಡಿ ಹೊಲಿದ ಕುಪ್ಪಸ ತೊಟ್ಟು ಇಲ್ಲಿಗೆ ಕೆಲಸ ಕೇಳಿ ಬಂದರು. ಮಾಲೀಕ ರೇವಣಸಿದ್ದಯ್ಯ ರೊಟ್ಟಿ ಬಡಿಯಲು ಹೇಳಿ ನೋಡಿದರು. ರೊಟ್ಟಿ ಒಪ್ಪಿಗೆಯಾಯಿತು, ಕುಪ್ಪಸ ಆಗಲಿಲ್ಲ. "ಸೀರಿ ಉಡು, ವಿಮಲಾಬಾಯಿ ಅನ್ನು. ಇಲ್ಲಂದ್ರ ಗಿರಾಕಿ ಎದ್ದು ಹೋಗ್ತಾರ" ಎಂದರು.

ಅಂದಿನಿಂದ ದಿನಕ್ಕೆ ಮುನ್ನೂರು ರೊಟ್ಟಿ, ಮತ್ತು ಎಚ್ಚರ.

"ತವಾಕ್ಕ ಬೆರಳು ಹತ್ತಿದ್ರ 'ಅವ್ವಾ' ಅನ್ನಬೇಕ್ರಿ. ನಮ್ಮ ಮಾತಿನ್ಯಾಗ ಅವ್ವಗ 'ಯಾಡಿ' ಅಂತಾರ. ಅದು ಬಾಯಿಗಿ ಬಂದ್ರ ಕೆಲಸ ಹೋತು. ನಿದ್ದ್ಯಾಗ ಬರಬಾರ್ದಂತ ಬಾಯಾಗ ಸೆರಗು ಹಿಡಕೊಂಡು ಮಲಗ್ತೀನಿ."

ಹೋದ ವರ್ಷ ಸಂತೆಯ ದಿನ ತಾಯಿ ತಾಂಡಾದ ಉಡುಪಿನಲ್ಲೇ ಬಂದು ಬಾಗಿಲಲ್ಲಿ ನಿಂತರು. ಗಿರಾಕಿಯೊಬ್ಬ, "ಯಾರೀಕಿ ವಿಮಲಕ್ಕಾ, ನಿನ್ನ ಬೀಗತಿ ಏನು?" ಎಂದ. ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು.

"ಗುರ್ತಿಲ್ರಿ ಅಂದೆ. ಅವ್ವ ಕೇಳಿಸ್ಕೊಂಡ್ಳು. ಶೇಂಗಾದ ಗಂಟು ಕಟ್ಟಿಮ್ಯಾಲ ಇಟ್ಟು ಹೋದ್ಳು. ನನ್ನ ಹೆಸರು ಹಿಡ್ದು ಕೂಗ್ಲಿಲ್ಲ. ಕೂಗಿದ್ರ ನಂದೇನಾಗ್ತದಂತ ಆಕಿಗಿ ಗೊತ್ತಿತ್ತು."

ಹೋಳಿ ಹಬ್ಬಕ್ಕೆಂದು ತಾಂಡಾಕ್ಕೆ ಹೋದರೆ ಅತ್ತಿಗೆ "ಕೋರ್ ಬಂದಾಳ" ಎಂದು ನಗೆಯಾಡಿದಳು. ತಮ್ಮವರಿಗೆ ಗೋರ್, ಹೊರಗಿನವರಿಗೆ ಕೋರ್ ಎನ್ನುವುದು ಲಂಬಾಣಿಗರ ರೂಢಿ. "ಇಲ್ಲಿ ಸುಳ್ಳ ಹೆಸರು, ಅಲ್ಲಿ ಕೋರ್. ನಡುವ ಬಸ್ಸಿನ್ಯಾಗ ಕುಂತಾಗ ಅಷ್ಟ ಯಾರೂ ಏನೂ ಅನ್ನಲ್ರಿ. ಅಲ್ಲೇ ಜರಾ ಆರಾಮ."

ಈಕೆಯ ನಿಜವಾದ ಹೆಸರು ಪತ್ರಿಕೆಯ ಈ ಬರಹದಲ್ಲಿ ಬರಬಾರದು ಎಂಬುದು ರೇವಣಸಿದ್ದಯ್ಯನವರ ತಕರಾರು. "ನಂದೇನಿಲ್ರಿ, ಮಂದೀದು. ನಾಳಿ ಖಾಲಿ ಗಲ್ಲಾದ ಮುಂದ ಕೂಡಾಂವ ನಾನಾ, ನೀವಾ?" ಎಂದು ರೇಗುತ್ತಾರೆ. ಮಂದಿಗೂ ಒಂದು ಮಾತು ಹೇಳಬೇಕು. ಇಷ್ಟು ವರ್ಷ ಬೆರಳು ಚೀಪಿ ತಿಂದ ರೊಟ್ಟಿ, ಬಡಿದವಳ ಹೆಸರು ತಿಳಿದ ಮರುದಿನ ಕೆಡುವುದಾದರೆ, ಕೆಟ್ಟಿರುವುದು ರೊಟ್ಟಿಯಲ್ಲ.

ಯಾವ ಹೆಸರು ಹಾಕೋಣ ಎಂದು ಈಕೆಯನ್ನೇ ಕೇಳಿದರೆ ಕೈ ನಿಲ್ಲುತ್ತದೆ. ತವೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದರೂ ತಿರುವುವುದಿಲ್ಲ. ಮಾಲೀಕರ ಕಡೆ ನೋಡುತ್ತಾರೆ, ಬಾಗಿಲ ಕಡೆ ನೋಡುತ್ತಾರೆ.

"ನನ್ನ ಖರೇ ಹೆಸರ ಹಾಕ್ರಿ, ಹೀರಾಬಾಯಿ ಅಂತ. ಅವ್ವಗ ಓದ್ಲಿಕ್ಕ ಬರಲ್ಲ, ತಾಂಡಾದಾಗ ಯಾರರ ಓದಿ ಹೇಳ್ತಾರ."

ಕೆಲಸ ಹೋದರೆ?

"ಅಂಜಿಕಿ ಭಾಳ ಅದರಿ. ಆದ್ರ ಪೇಪರ್ ಬಂದ ದಿನ, ಬೆರಳು ಸುಟ್ರ, ಇಲ್ಲೇ ಕುಂತು ಒಮ್ಮಿ ಜೋರಾಗಿ 'ಯಾಡಿ' ಅನ್ನಬೇಕು. ಅಷ್ಟ ಆಸಿ."