ಬಾಯ್ಲರಿಗೆ ಉಪಕಾರ ಹೇಳುತ್ತಿದ್ದ ಅಕ್ಕ

ಬಾಯ್ಲರ್ ಅಕ್ಕನಿಗೆ ನಾವು ಹನ್ನೊಂದು ಜನ ಒಂದು ಮಾತನ್ನು ಬಾಕಿ ಇಟ್ಟುಕೊಂಡಿದ್ದೇವೆ: ‘ನೀನಿದ್ದೆ, ಬದುಕಿದೆವು.’ ಕಾರ್ಮಿಕ ಸಂಘದ ಮೈಕಿನ ಮುಂದೆ ಗಂಟೆಗಟ್ಟಲೆ ಒದರುವ ನನ್ನ ಬಾಯಿಂದಲೂ ಅದು ಹೊರಟಿಲ್ಲ.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ನಮ್ಮದು. ಉದ್ದನೆಯ ತಗಡಿನ ಶೆಡ್ಡು. ಈ ತುದಿಯಲ್ಲಿ ಇಸ್ತ್ರಿ ಮೇಜುಗಳು, ಆ ತುದಿಯಲ್ಲಿ ಉಗಿ ಕೊಡುವ ಬಾಯ್ಲರ್. ಬಾಗಿಲು ಒಂದೇ, ಅದೂ ಬಾಯ್ಲರ್ ಪಕ್ಕಕ್ಕೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಅವಳಂಥ ಪುಕ್ಕಲಿಯನ್ನು ನಾನು ಕಂಡಿಲ್ಲ. ಬಕೆಟ್ ಉರುಳಿದರೂ ಎದೆ ಹಿಡಿದುಕೊಳ್ಳುವಳು. ಹಿಂದೆ ದುಡಿದ ಕಡೆ ಉಗಿಯಲ್ಲಿ ಬೆಂದವನೊಬ್ಬನನ್ನು ನೋಡಿದ್ದಳಂತೆ.

ದಿನಾ ಬೆಳಿಗ್ಗೆ, ಮತ್ತೆ ಊಟವಾದ ಮೇಲೆ, ಕೈಗೆ ಬಟ್ಟೆ ಸುತ್ತಿಕೊಂಡು ಬಾಯ್ಲರಿನ ಒಂದೊಂದು ಭಾಗವನ್ನೂ ಮುಟ್ಟಿ ಉಪಕಾರ ಹೇಳುತ್ತಿದ್ದಳು. ಒತ್ತಡ ತೋರಿಸುವ ಮುಳ್ಳಿಗೊಂದು, ನೀರಿನ ಗಾಜಿಗೊಂದು, ಉಗಿ ಹೆಚ್ಚಾದರೆ ತಾನೇ ಬಾಯಿ ತೆರೆಯುವ ವಾಲ್ವಿಗೊಂದು. “ನಿನ್ನೆ ಎಲ್ಲರನ್ನೂ ಮನೆಗೆ ಕಳಿಸಿದೆ, ಉಪಕಾರ ಆಯ್ತಪ್ಪ.”

“ಅದಕ್ಕೇನು ಕಿವಿ ಇದೆಯಾ ಅಕ್ಕಾ?” ಎಂದು ರೇಗಿಸಿದ್ದೆ.

“ನಿನಗಿದೆಯಲ್ಲ, ಎಷ್ಟು ಕೇಳ್ತೀಯ? ಮೇಲಿರೋನು ಕಾಯ್ತಾನೆ ಅನ್ನೋ ನಂಬಿಕೆ ನನಗಿದೆ ಕಣೋ. ಮುಟ್ಟಿ ನೋಡದೆ ಕೂತ್ಕೊಳ್ಳೋ ಧೈರ್ಯ ಇಲ್ಲ, ಅಷ್ಟೆ.”

ವಾಲ್ವು ಆಗಾಗ ಸಿಳ್ಳೆ ಹಾಕಿ ಉಗಿ ಬಿಡುತ್ತಿತ್ತು. ಆಗೆಲ್ಲ ನಮ್ಮ ಇಸ್ತ್ರಿ ತಣ್ಣಗಾಗಿ ಕೆಲಸ ಕೆಡುತ್ತಿತ್ತು. “ಅದರ ಬಾಯಿ ಮುಚ್ಚಿಸಿ” ಎಂದು ಮೇಸ್ತ್ರಿಯ ತಲೆ ತಿಂದವರು ನಾವೇ. ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋದಾಗ ಮೇಸ್ತ್ರಿ ಕೋಟಿನ ಹ್ಯಾಂಗರೊಂದನ್ನು ನೆಟ್ಟಗೆ ಮಾಡಿ, ಆ ತಂತಿಯಿಂದ ವಾಲ್ವನ್ನು ಬಿಗಿದುಬಿಟ್ಟ. ಸಿಳ್ಳೆ ನಿಂತಿತು. ನಾವು ಚಪ್ಪಾಳೆ ತಟ್ಟಿದೆವು.

ಅಕ್ಕ ಬಂದು ಮುಳ್ಳಿಗೆ ಉಪಕಾರ ಹೇಳಲು ಬಗ್ಗಿದಳು. ಮುಳ್ಳು ಕೆಂಪು ಗೆರೆ ದಾಟಿ ಕೂತಿತ್ತು. ವಾಲ್ವಿಗೆ ಕೈ ಚಾಚಿದಳು. ತಂತಿ.

ಕಿರುಚಲು ಹೋದಳು, ದನಿ ಏಳಲಿಲ್ಲ. ಉರಿ ಆರಿಸಿದಳು. ಬಾಗಿಲು ನಾಲ್ಕೇ ಹೆಜ್ಜೆ, ನಾನಾಗಿದ್ದರೆ ಓಡುತ್ತಿದ್ದೆ. ಅವಳು ನಮ್ಮ ಕಡೆ ಬಂದಳು. ಹೆದರಿಕೆಗೆ ಉಚ್ಚೆ ಹೋಗಿ ಬಟ್ಟೆ ಒದ್ದೆಯಾಗಿತ್ತು.

“ಹೊರಗೆ... ಎದ್ದೇಳ್ರೋ, ಹೊರಗೆ!”

“ಅಕ್ಕ ಜಿರಳೆ ನೋಡಿರಬೇಕು” ಎಂದು ಯಾರೋ ನಕ್ಕರು. ಅವಳು ಹತ್ತಿರವಿದ್ದವಳ ರಟ್ಟೆ ಹಿಡಿದು ಎಳೆದಳು. ಅವಳ ಒದ್ದೆ ಬಟ್ಟೆ ಕಂಡ ಮೇಲೆ ನಗು ನಿಲ್ಲಿಸಿ ಇಸ್ತ್ರಿ ಕೆಳಗಿಟ್ಟೆವು. ತಲೆಯ ಮೇಲೆ ಪೈಪು ಕಟಕಟ ಎನ್ನುತ್ತಿತ್ತು. ಗುರುಗುಟ್ಟುವ ಆ ಕಬ್ಬಿಣದ ಪಕ್ಕದಿಂದಲೇ ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು ದಾಟಿದೆವು.

ಹೊರಗೆ ಬಂದು ಎಣಿಸಿದಳು. ಹತ್ತು. ಮೇಸ್ತ್ರಿ ಇಲ್ಲ. ಯಜಮಾನನ ಕಣ್ಣಿಗೆ ಬೀಳುವ ಮೊದಲೇ ತಂತಿ ಬಿಚ್ಚೋಣವೆಂದು ಒಳಗೇ ಉಳಿದಿದ್ದ.

“ಅಯ್ಯೋ, ಈಗ ಅದನ್ನ ಮುಟ್ಟಬಾರದು, ಉಗಿ ಮೈಮೇಲೇ ನುಗ್ಗುತ್ತೆ!” ಎಂದಳು ಅಕ್ಕ.

“ಕಟ್ಟಿದವನು ಅವನೇ, ಸಾಯ್ಲಿ ಬಿಡಕ್ಕಾ” ಎಂದೆ.

“ಅವನ ಹೆಂಡ್ತಿ ಮಕ್ಕಳೇನು ಕಟ್ಟಿದ್ರಾ?” ಎನ್ನುತ್ತಾ ಒಳಗೆ ನುಗ್ಗಿದಳು.

ನಾವು ಹತ್ತೂ ಜನ ಹೊರಗೇ ನಿಂತೆವು. ಢಬ್ಬೆಂದು ಪೈಪಿನ ಜೋಡಣೆ ಕಿತ್ತಿತು. ಬಾಗಿಲಿಂದ ಬೆಳ್ಳನೆಯ ಉಗಿ ನುಗ್ಗಿತು. ಅದರೊಳಗಿಂದ ಅಕ್ಕ ಮೇಸ್ತ್ರಿಯ ಕಾಲರ್ ಹಿಡಿದು ದರದರ ಎಳೆದುಕೊಂಡು ಬಂದಳು. ಅವನಿಗೆ ಗೀರೂ ಇಲ್ಲ. ಅವಳ ಎಡಗೈ ಚರ್ಮ ಸುಲಿದು ತೋಳಿನಿಂದ ಜೋತಾಡುತ್ತಿತ್ತು.

‘ಸುಮ್ಮಸುಮ್ಮನೆ ಹೆದರಿ ಯಂತ್ರ ಕೆಡಿಸಿದಳು’ ಎಂದು ಯಜಮಾನ ಅವಳನ್ನು ಕೆಲಸದಿಂದ ತೆಗೆದ. ತಂತಿಯೇ ಇರಲಿಲ್ಲವೆಂದು ಮೇಸ್ತ್ರಿ ಬರೆದುಕೊಟ್ಟು ಸಹಿ ಹಾಕಿದ. ಕಂಡ ನಾವು ಹತ್ತು ಜನ, ಹೊಟ್ಟೆಪಾಡಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆವು. ನೋಡಲು ಹೋದರೆ ಅವಳು ಇನ್ನೂ ಉಪಕಾರವನ್ನೇ ಹೇಳುತ್ತಾಳೆ: “ಹನ್ನೊಂದೂ ಜನ ಉಳ್ಕೊಂಡ್ರಲ್ಲ.” ಮೇಸ್ತ್ರಿಯನ್ನೂ ಸೇರಿಸಿ.

ಬಾಯ್ಲರಿಗೆ ಹೊಸಬ ಬಂದಿದ್ದಾನೆ. ಧೈರ್ಯವಂತ. ಏನನ್ನೂ ಮುಟ್ಟಿ ನೋಡುವುದಿಲ್ಲ. ಮೂರು ದಿನದಿಂದ ಸಿಳ್ಳೆ ಕೇಳಿಲ್ಲ. ನನಗೆ ಇಸ್ತ್ರಿ ಹಿಡಿಯಲು ಕೈ ಬರುತ್ತಿಲ್ಲ.

ಅಕ್ಕನನ್ನು ಕೆಲಸದಿಂದ ತೆಗೆದದ್ದರ ಬಗ್ಗೆ ಸೋಮವಾರ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ. ನಾನು ಎದ್ದು ನಿಂತು ಕಂಡದ್ದನ್ನು ಹೇಳುತ್ತೇನೆ. ನೀವು ದುಡಿಯುವ ಕಡೆಯೂ ಇಂಥ ಒಬ್ಬ ಪುಕ್ಕಲಿಯನ್ನು ಹೊರಗೆ ಹಾಕಿದ್ದಾರೆ, ನಿಮಗದು ಗೊತ್ತು. ಅವಳ ಪರವಾಗಿ ನೀವು ಬಾಯಿ ಬಿಡುವುದು ಯಾವತ್ತು? ದಿನ ಹೇಳಿ.