ಒಣಮೀನಿನ ಹಿಮಾಲಯ

ಟೀಚರ ಬೆರಳುಗಳು ಉದ್ದ, ಮೆತ್ತಗೆ. ಮಾತಾಡುವಾಗ ಗಾಳಿಯಲ್ಲಿ ಏನೋ ಕಟ್ಟುತ್ತಿದ್ದವು. ನನ್ನವು ಗಂಗೊಳ್ಳಿಯಲ್ಲಿ ಮೀನಿಗೆ ಉಪ್ಪು ಹಾಕಿ ಹಾಕಿ ಒಡೆದವು. ಮೊಮ್ಮಗಳು ಆ ಬೆರಳುಗಳನ್ನು ನೋಡಿದ ಹಾಗೆ ನನ್ನ ಮುಖವನ್ನೂ ನೋಡಿದವಳಲ್ಲ.

ಟೀಚರು ಸಾಲಿಗ್ರಾಮದವರು. ನಮ್ಮ ಊರಿನ ಶಾಲೆಗೆ ಬಂದು, ನಿವೃತ್ತರಾದ ಮೇಲೂ ನನ್ನ ಪಕ್ಕದ ಮನೆಯಲ್ಲೇ ಉಳಿದರು. ಮೀನು ತಿನ್ನದವರು. ವಾಸನೆಗೆ ಕಿಟಕಿ ಮುಚ್ಚಲಿ, ಜಗಳ ತೆಗೆಯೋಣ ಎಂದು ಕಾದೆ. ಮುಚ್ಚಲಿಲ್ಲ. ಅದಕ್ಕೂ ನನಗೆ ಸಿಟ್ಟು.

ತಾಯಿ ಸತ್ತ ಮಗು, ಸಾಕಿದವಳು ನಾನು. ಶಾಲೆ ಬಿಟ್ಟ ಕೂಡಲೇ ಓಡುತ್ತಿದ್ದುದು ಅವರ ಜಗಲಿಗೆ.

ಒಂದು ಸಂಜೆ ಬಂದರಿನಿಂದ ಬಂದು ನೋಡುತ್ತೇನೆ, ಟೀಚರು ನನ್ನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೀನು ಒಣಹಾಕಿದ್ದ ಎರಡು ಚಾಪೆಗಳನ್ನು ಆಚೆಯಿಂದ ಅವರು, ಈಚೆಯಿಂದ ಹುಡುಗಿ ದೂಡುತ್ತಿದ್ದಾರೆ. ಸೇರಿದಲ್ಲಿ ಚಾಪೆ ಮಡಚಿ ಮೇಲೆದ್ದಿದೆ. ನೆತ್ತಿಯಲ್ಲಿ ನನ್ನ ಬಂಗುಡೆ.

"ಹ್ವಾಯ್ ಟೀಚ್ರೇ, ಎಂತ ಅವಸ್ಥೆ ಇದ್?"

"ಹಿಮಾಲಯ ಮಾಡ್ತಿದ್ದೆ ಮಾರಾಯ್ರೆ. ನಮ್ ನೆಲ ಹೋಯಿ ಬಡಗು ಬದಿ ನೆಲಕ್ಕೆ ಗುದ್ದಿತ್. ಮಧ್ಯ ಇದ್ದ ಸಮುದ್ರದ ತಳವೇ ಮಡಚಿ ಮೇಲೆದ್ದಿತ್. ಆ ಬೆಟ್ಟದ ಮೇಲೆ ಈಗ್ಲೂ ಕಲ್ಲಾದ ಚಿಪ್ಪು ಸಿಕ್ಕತ್ತ್."

ಮೊಮ್ಮಗಳ ಮುಂದೆ ಅವರ ಬಾಯಿ ಮುಚ್ಚಿಸಬೇಕಿತ್ತು ನನಗೆ. "ಹಾಂಗಾರೆ ಕೊಡಚಾದ್ರಿ ತುದಿ ಮೇಲೂ ಬಂಗುಡೆ ಇರ್ಕ್, ಅಲ್ದಾ?"

"ಒಳ್ಳೆ ಪ್ರಶ್ನೆ ಕೇಂಡ್ರಿ! ಅದ್ ಹೀಂಗೆ ಗುದ್ದಿ ಎದ್ದ ಬೆಟ್ಟ ಅಲ್ಲ. ಅದ್ರ ಕತೆ ಬೇರೆ."

ನನಗೆ ಜನ್ಮದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಖುಷಿಯಾಯಿತು. ಆ ಖುಷಿಯೂ ಇವರಿಂದಲೇ ಬರಬೇಕೇ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಅವರು ಮೀನುಗಳನ್ನು ಒಂದೊಂದಾಗಿ ಹೆಕ್ಕಿ, ಮೊದಲಿನಂತೆ ಹರಡಿ ಹೋದರು.

ಕಳೆದ ಮಳೆಗಾಲದಲ್ಲಿ ಟೀಚರು ಎದೆನೋವು ಬಂದು ತೀರಿಕೊಂಡರು. ಹುಡುಗಿ ಅನ್ನ ಮುಟ್ಟಲಿಲ್ಲ. ನಾನು ಸತ್ತರೆ ಇಷ್ಟು ಅಳುತ್ತಾಳೋ ಎಂದು ಯೋಚಿಸಿದೆ. ಇಲ್ಲ ಎಂದೇ ಅನಿಸಿತು. ಬೈದೆ, ಆಗಲೂ ಉಣ್ಣಲಿಲ್ಲ. ಕಡೆಗೆ ಗಂಜಿ ಬಟ್ಟಲು ಹಿಡಿದು ಹತ್ತಿರ ಕೂತೆ.

"ಆ ಹಿಮಾಲಯ ಈಗ್ಲೂ ಏರ್ತಾ ಇತ್ತಾ ಮಗಾ?"

ಮೂಗು ಒರೆಸಿಕೊಂಡಳು. "ಹೂಂ ಅಜ್ಜಿ. ನಮ್ ನೆಲ ಇನ್ನೂ ದೂಡ್ತಾ ಇತ್ತಂಬ್ರ್. ಉಗ್ರ್ ಬೆಳ್ದಾಂಗೆ, ನಿಧಾನ. ಟೀಚರ್ ಹೇಳಿದ್ರ್."

ಬಾಯಿ ತೆರೆದಾಗೆಲ್ಲ ಒಂದು ತುತ್ತು ಇಟ್ಟೆ. ಪ್ರತಿ ತುತ್ತಿಗೂ ಟೀಚರ್ ಹೇಳಿದ್ರ್, ಟೀಚರ್ ಹೇಳಿದ್ರ್. ಬಟ್ಟಲು ಖಾಲಿಯಾಗುವ ತನಕ ಸುಮ್ಮನೆ ಕೇಳಿದೆ. ನನ್ನ ಮಗುವಿಗೆ ಆ ದಿನ ಉಣಿಸಿದವರೂ ಅವರೇ.